ಬೈದ ದಿನದ ಹಾರ್ನ್

ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಸದಲಗಾ ಬಸ್ಸಿಗೆ ಕಾಯುತ್ತಿದ್ದ ಮಾಯಾಳ ಪಕ್ಕದಲ್ಲಿ ಇಬ್ಬರು ಮುದುಕರು ಮಡಚಿದ ಪೇಪರೊಂದನ್ನು ನಡುವೆ ಇಟ್ಟುಕೊಂಡು ಕೂತಿದ್ದರು. ಭೀಮಸಿ ಒಂದು ಕಾಲಕ್ಕೆ ಆ ಪೇಪರಿನ ಪ್ರೆಸ್ಸಿನಲ್ಲಿ ದುಡಿದವನು, ಈಶ್ವರ ಹಳೆಯ ಎಮ್ಮೆಲ್ಲೆ ಸಾವಕಾರರ ಜೀಪು ಹೊಡೆದವನು ಎಂಬುದು ಅವರ ಮಾತಿನಲ್ಲೇ ತಿಳಿಯಿತು.

“ನಿಮ್ಮ ಮಾಲಕರ ಮಗ ಮಂದಿ ಫೋನಿನ ಮಾತು ಕದ್ದು ಕೇಳಿ ಸಿಕ್ಕಬಿದ್ದಾನಲ್ಲೋ ಭೀಮಸಿ.”

“ಹೌದೋ ಈಶ್ವರ. ನಿಮ್ಮ ಸಾವಕಾರ್ರ ಮಗ ಈಗ ಎಮ್ಮೆಲ್ಲೆ ಅದಾನ. ಅಂವ ಯಾಕ ತುಟಿ ಪಿಟ್ ಅನ್ನವಲ್ಲ?”

“ಹೆಂಗ ಅಂತಾನ? ಅವನ ಮಾತೂ ನಿಮ್ಮ ಮಾಲಕರ ಮಗನ ಕೈಯಾಗ ಸಿಕ್ಕಾವಂತ.”

“ಇಬ್ಬರ ಅಪ್ಪಂದ್ರೂ ಹಂಗಿದ್ದಿಲ್ಲ ಬಿಡು.”

“ನಮ್ಮ ಸಾವಕಾರ್ರು ನಸುಕಿನ್ಯಾಗ ಬಿಸಿಬಿಸಿ ಪೇಪರ್ ತರಾಕ ನನ್ನ ಕಳಸತಿದ್ರು. ನೀವು ಅವರನ್ನ ಬೈದು ಬರೆದಿದ್ರ ನಾ ಓಣಿ ತುಂಬ ಹಾರ್ನ್ ಹೊಡೀಬೇಕು. ಮಂದಿ ಕೂಡತಿತ್ತು. ಸಾವಕಾರ್ರು ಕಟ್ಟಿ ಮ್ಯಾಲ ಕುಂತು, ತಮ್ಮನ್ನ ಬೈದಿದ್ದನ್ನ ತಾವ ಓದಿ ಹೇಳತಿದ್ರು.”

“ಆ ಹಾರ್ನ್ ಕೇಳಿದ ಮ್ಯಾಲನ ನಮ್ಮ ಮಾಲಕರು ಚಾ ಕುಡೀತಿದ್ರು.”

ಅಷ್ಟರಲ್ಲಿ ಅಥಣಿ ಬಸ್ಸಿನ ಡ್ರೈವರ್ ಹೊರಡುವ ಅವಸರದಲ್ಲಿ ಉದ್ದಕ್ಕೆ ಹಾರ್ನ್ ಬಾರಿಸಿದ.

ಭೀಮಸಿ ಕಿವಿ ನಿಮಿರಿಸಿದ. “ಕೇಳಲೇ, ಇವತ್ತ ಬೈದಾರ!”

ಒಬ್ಬರ ಹೆಗಲು ಒಬ್ಬರು ಹಿಡಿದು, ನಗುತ್ತ ಆ ಬಸ್ಸು ಹತ್ತಿದರು. ಇವತ್ತಿನ ಪೇಪರು ಮಡಿಕೆ ಬಿಚ್ಚದೆ ಮಾಯಾಳ ಪಕ್ಕದಲ್ಲೇ ಉಳಿಯಿತು.