ಹನ್ನೊಂದನೇ ಕಂಬ ದಾಟಿದ ಮೇಲೆ

ಸಂಜೆ ಏಳಕ್ಕೆ ಹಿಡಿದ ಮಳೆ ಏಳೂವರೆಯಾದರೂ ಬಿಡಲಿಲ್ಲ. ಹೊಸ ಬಡಾವಣೆಯ ಸಂಘದ ಕೋಣೆಯಲ್ಲಿ ನಾಲ್ಕು ಜನ ಸಿಕ್ಕಿಹಾಕಿಕೊಂಡರು. ಗೋಡೆಯ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮೂಲೆಯಲ್ಲಿ ಮಿಕ್ಕ ಟೈಲ್ಸ್ ಪೇರಿಸಿಟ್ಟಿದ್ದರು. ಮೇಜಿನ ಮೇಲೆ ಬೀದಿದೀಪಗಳ ಕ್ಯಾಟಲಾಗು ಬಿದ್ದಿತ್ತು. ಅದರಲ್ಲೊಂದು ಚಿತ್ರದ ಸುತ್ತ ಕಾರ್ಯದರ್ಶಿ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದಳು: ಬಳ್ಳಿ ಸುತ್ತಿದಂತೆ ಎರಕ ಹೊಯ್ದ ಗಿಡ್ಡ ಕಂಬ, ತುದಿಯಲ್ಲಿ ಹಾಲುಬಣ್ಣದ ಗಾಜಿನ ಗುಂಡು.

ಆ ದೀಪಕ್ಕಾಗಿ ಅವಳು ಮೂರು ತಿಂಗಳು ಎಲ್ಲರ ಜೊತೆ ಜಗಳವಾಡಿದ್ದಳು. ಕೊಕ್ಕರೆಯ ಕತ್ತಿನಂಥ ಉದ್ದ ಕಂಬಗಳನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ನಾಳೆ ಬೆಳಿಗ್ಗೆ ಅರವತ್ತು ಗಿಡ್ಡ ಕಂಬಗಳ ಲಾರಿ ಬರುವುದಿತ್ತು. ಮಾದರಿಗೆಂದು ಕಂಪನಿಯವರು ಎದುರಿನ ರಸ್ತೆಯಲ್ಲಿ ಆಗಲೇ ಎರಡನ್ನು ನಿಲ್ಲಿಸಿ ಹೋಗಿದ್ದರು. ಕಿಟಕಿಯಿಂದ ನೋಡಿದರೆ ಮಳೆಯಲ್ಲಿ ಎರಡು ಚಂದ್ರ ಕೆಳಗಿಳಿದು ನಿಂತ ಹಾಗಿತ್ತು.

"ಚೆನ್ನಾಗಿದೆ ಅಲ್ವಾ?" ಎಂದಳು.

"ಚೆನ್ನಾಗಿಲ್ಲ ಅನ್ನೋ ಧೈರ್ಯ ಯಾರಿಗಿದೆ ಮೇಡಂ?" ಎಂದ ನಿವೃತ್ತ ಬಸ್ ಡ್ರೈವರ್.

ಔಷಧಿ ಅಂಗಡಿಯವನು ನಕ್ಕ. ನಗದೆ ಕುಳಿತಿದ್ದವನು ಅವನ ಮಾವ ಒಬ್ಬನೇ. ಮಗಳ ಮನೆಗೆ ಬಂದು ತಿಂಗಳಾಗಿತ್ತು. ಆಯುಷ್ಯವಿಡೀ ಕಂಬದ ಗುಂಡಿ ತೋಡಿಸಿದವನಾದ್ದರಿಂದ ಎಲ್ಲರೂ ಅವನನ್ನು ಗುಂಡಿಯಜ್ಜ ಎನ್ನುತ್ತಿದ್ದರು. ಅವನು ಕುರ್ಚಿಯನ್ನು ಕಿಟಕಿಗೆ ಬೆನ್ನು ಮಾಡಿ ಹಾಕಿಕೊಂಡಿದ್ದ.

"ಕಂಬಕ್ಕೆ ಪಾಯ ಹಾಕಿಸಿದ್ದು ಯಾವಾಗಮ್ಮಾ?" ಎಂದು ಕೇಳಿದ.

"ಹೋದ ವರ್ಷಾನೇ ಬಿಲ್ಡರು ಹಾಕ್ಸಿದ್ದಾರೆ ಅಜ್ಜ."

"ಆಗ ಯಾವ ಕಂಬ ಅಂತ ಮಾತಾಗಿತ್ತು?"

"ಉದ್ದದ್ದು. ಆದ್ರೇನಂತೆ? ಪಾಯ ಪಾಯಾನೇ ಅಲ್ವಾ?"

"ಬೆಳಿಗ್ಗೆ ಅಳೆದೆ. ನಲವತ್ತು ಹೆಜ್ಜೆಗೊಂದು." ಅಜ್ಜ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ. "ನಿನ್ನ ಮನೆಯೋರು ಕೊಡೆ ತರ್ತಾರೆ ಅಂದ್ಯಲ್ಲ, ಇದೇ ರಸ್ತೇಲಿ ತಾನೆ ಬರೋದು?"

"ಹೌದು. ಯಾಕಜ್ಜ?"

"ಬರೋವರೆಗೆ ಒಂದು ವಿಷಯ ಹೇಳ್ತೀನಿ. ನಂಬಿ ಅಂತ ನಾನೇನು ನಿಮ್ಮ ಕಾಲು ಹಿಡಿಯಲ್ಲ."

ಡ್ರೈವರ್ ತಮಾಷೆಗೆಂದು ಬಾಯಿ ತೆರೆದವನು ಅಜ್ಜನ ಮುಖ ನೋಡಿ ಮುಚ್ಚಿಕೊಂಡ. ಎಲ್ಲರೂ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ನನಗಾಗ ಮೂವತ್ತೆರಡು. ಕಂಬ ನೆಡೋ ಗ್ಯಾಂಗಿನ ಮೇಸ್ತ್ರಿ. ಊರಾಚೆ ಇಂಥದ್ದೇ ಒಂದು ಬಡಾವಣೆ ಆಯ್ತು... ಹೊಸ ಮನೆ, ಹೊಸ ರಸ್ತೆ, ಜನಕ್ಕೆ ಕಾಲು ನೆಲದ ಮೇಲೆ ನಿಲ್ತಿರಲಿಲ್ಲ. ನನ್ನ ತಂಗಿ ಮನೇನೂ ಅಲ್ಲೇ. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೆಲಸ ಅವಳಿಗೆ, ರಾತ್ರಿ ಎಂಟು ಗಂಟೆ ಬಸ್ಸಿಂದ ಇಳಿದು ಒಬ್ಬಳೇ ನಡ್ಕೊಂಡು ಬರ್ಬೇಕು. ಕತ್ತಲು ಅಂದ್ರೆ ಚಿಕ್ಕಂದಿನಿಂದ್ಲೂ ಅವಳ ಜೀವ ಬಾಯಿಗೆ ಬರೋದು. ಹಿತ್ತಲಿಗೆ ಹೋಗೋದಿದ್ರೂ ‘ಅಣ್ಣಾ, ಜೊತೆಗೆ ಬಾರೋ’ ಅನ್ನೋಳು. ನಾನು ಬೈಕೊಂಡೇ ಹೋಗ್ತಿದ್ದೆ, ಆದ್ರೆ ಹೋಗ್ತಿದ್ದೆ... ಅವಳಿಗೆ ಮಾತು ಕೊಟ್ಟಿದ್ದೆ, ನಿನ್ನ ಬೀದಿಗೆ ನಾನೇ ದೀಪ ಹಾಕ್ತೀನಿ ಕಣೇ, ಸೂಜಿ ಬಿದ್ರೂ ಕಾಣ್ಬೇಕು, ಹಾಗೆ ಹಾಕ್ತೀನಿ ಅಂತ.

"ಉದ್ದ ಕಂಬ ಅಂತ ಹೇಳಿದ್ರು, ನಲವತ್ತು ಹೆಜ್ಜೆಗೊಂದು ಗುಂಡಿ ತೋಡಿದ್ವಿ. ಉದ್ದ ಕಂಬದ ಬೆಳಕು ಅಗಲಕ್ಕೆ ಬೀಳುತ್ತೆ, ಒಂದರ ಅಂಚು ಇನ್ನೊಂದಕ್ಕೆ ತಾಗುತ್ತೆ. ಅಷ್ಟರಲ್ಲಿ ಬಂತು ನೋಡಿ ಪುಸ್ತಕ... ಇಂಥದ್ದೇ, ಬಣ್ಣಬಣ್ಣದ್ದು. ಕಮಿಟಿ ಅಧ್ಯಕ್ಷ ಒಬ್ಬ ಡ್ರಿಲ್ ಮಾಸ್ತರು. ತೋಟದಲ್ಲಿಡೋ ಗಿಡ್ಡ ದೀಪಕ್ಕೆ ಬೆರಳಿಟ್ಟು ಇದೇ ಬೇಕು ಅಂದ. ಯಾವಾಗ ಆರಿಸಿದ್ದು ಗೊತ್ತಾ? ಮಟಮಟ ಮಧ್ಯಾಹ್ನ! ದೀಪ ಆರಿಸೋಕೆ ಹತ್ತು ಜನ ಬಂದಿದ್ರು, ಹಚ್ಚಿ ನೋಡಿದವನು ಒಬ್ಬನಿಲ್ಲ. ನಾನು ಹೇಳ್ದೆ, ‘ಸ್ವಾಮಿ, ಇದರ ಬೆಳಕು ಎಂಟು ಹೆಜ್ಜೆ ದಾಟಲ್ಲ. ಗುಂಡು ನೋಡಿ ಕಣ್ಣು ಕುಕ್ಕುತ್ತೆ, ಆಮೇಲೆ ಮಧ್ಯದಲ್ಲಿ ಏನೂ ಕಾಣಲ್ಲ’ ಅಂತ. ‘ಗುಂಡಿ ತೋಡೋನಿಗೆ ಚಂದ ಏನು ಗೊತ್ತಯ್ಯ’ ಅಂದ. ಎಲ್ರೂ ನಕ್ರು.

"ನನಗೆ ಪಿತ್ತ ನೆತ್ತಿಗೇರಿತು. ಹನ್ನೊಂದನೇ ಕಂಬಕ್ಕೂ ಹನ್ನೆರಡನೇ ಕಂಬಕ್ಕೂ ನಡುವೆ, ಸರಿಯಾಗಿ ತಂಗಿ ಬರೋ ದಾರೀಲಿ, ಯಾರನ್ನೂ ಕೇಳದೆ ಒಂದು ಗುಂಡಿ ಹೆಚ್ಚಿಗೆ ತೋಡಿಸಿದೆ. ಎದೆಮಟ್ಟ ಆಳ. ಗುಂಡಿ ಕಂಡ್ರೆ ಕಂಬ ಕೊಟ್ಟೇ ಕೊಡ್ತಾರೆ ಅಂತ ನನ್ನ ಹಟ. ಅವರು ಕೊಡಲಿಲ್ಲ. ‘ಮುಚ್ಚು’ ಅಂದ್ರು. ‘ಬೇಕಾದ್ರೆ ನೀವೇ ಮುಚ್ಕೊಳ್ಳಿ’ ಅಂತ ನಾನು ಸಲಿಕೆ ಎಸೆದು ಬಂದೆ... ಎರಡು ದಿನ. ಬರೀ ಎರಡು ದಿನ ಹಟ ಮಾಡಿದ್ದು ನಾನು.

"ಮೂರನೇ ದಿನ ಇಂಥದ್ದೇ ಮಳೆ. ಗುಂಡಿ ತುಂಬಿ ರಸ್ತೆ ಸಮಕ್ಕೆ ನೀರು ನಿಂತಿತ್ತು. ತಂಗಿ ತಲೆಕೆಳಗಾಗಿ ಬಿದ್ದಿದ್ಲು... ಕಂಬದ ಗುಂಡಿ ಎಷ್ಟು ಅಗಲ ಇರುತ್ತೆ ಹೇಳಿ? ತಿರುಗೋಕೆ ಜಾಗ ಎಲ್ಲಿ? ಅಂಚಲ್ಲಿ ಒಂದು ಚಪ್ಪಲಿ ಉಳಿದಿತ್ತು. ಇನ್ನೊಂದು ಅವಳ ಕಾಲಲ್ಲೇ ಇತ್ತು."

ಕಾರ್ಯದರ್ಶಿಯ ಕೈ ತನಗರಿವಿಲ್ಲದೆ ಕ್ಯಾಟಲಾಗನ್ನು ಮುಚ್ಚಿತು.

"ಆಮೇಲೆ ಶುರುವಾಯ್ತು. ಜಗುಲಿ ಮೇಲೆ ಕೂತೋರಿಗೆ ಕಾಣೋದು... ಹನ್ನೊಂದನೇ ದೀಪ ದಾಟಿ ಒಬ್ರು ಕತ್ತಲಿಗೆ ಹೋಗ್ತಾರೆ, ಹನ್ನೆರಡನೇ ದೀಪದ ಬೆಳಕಿಗೆ ಇಬ್ರು ಬರ್ತಾರೆ. ಎರಡನೆಯವಳು ಒಂದು ಹೆಜ್ಜೆ ಹಿಂದೆ, ಜಡೆಯಿಂದ ನೀರು ಸುರಿಸ್ಕೊಂಡು. ಒಂದು ಕಾಲಲ್ಲಿ ಚಪ್ಪಲಿ ಸದ್ದು, ಒಂದು ಕಾಲು ಬರಿದು. ದೀಪದ ಹತ್ರ ಬಂದ್ರೆ ಇರಲ್ಲ. ಯಾರಿಗೂ ಒಂದು ಕೂದಲು ಕೊಂಕಿಸಲಿಲ್ಲ ಅವಳು. ಜೊತೆ ಬೇಕಿತ್ತು, ಅಷ್ಟೇ. ಆ ಡ್ರಿಲ್ ಮಾಸ್ತರ ಜೊತೇಲೂ ಬಂದ್ಲು ಅಂದ್ರೆ ನೋಡಿ! ಆತ ಮಾರನೇ ದಿನವೇ ಓಡಿ ಬಂದು ನನ್ನ ಕೈ ಹಿಡ್ಕೊಂಡ, ಕಂಬ ಹಾಕಪ್ಪ ಅಂದ. ಹಾಕ್ದೆ. ಗುಂಡಿ ಮುಚ್ಚಿ ಅಲ್ಲೇ ದೀಪ ಹಚ್ಚಿದೆ. ಅವಳು ಮುಂದಿನ ಕತ್ತಲಿಗೆ ಹೋದ್ಲು, ಹನ್ನೆರಡಕ್ಕೂ ಹದಿಮೂರಕ್ಕೂ ನಡುವೆ. ಅಲ್ಲಿ ಹಚ್ಚಿದ್ರೆ ಅದರ ಮುಂದಿನದಕ್ಕೆ...

"ನಾನೇ ನಡೆದ್ರೆ ನನ್ನ ಜೊತೆ ಬಂದು ಮನೆ ಸೇರಿ ಬಿಡ್ತಾಳೆ ಅನ್ಕೊಂಡೆ. ನಡೆದೆ. ಒಂದು ದಿನ ಅಲ್ಲ, ಒಂದು ತಿಂಗಳಲ್ಲ, ಮಳೆ ಬಿದ್ದಾಗೆಲ್ಲ, ಎರಡು ವರ್ಷ. ‘ಬಾರೇ, ಬಂದಿದೀನಿ, ಬಾ’ ಅಂತ ಹುಚ್ಚನ ಹಾಗೆ ಕೂಗ್ತಾ ನಡೆದೆ. ಜಗುಲಿ ಮೇಲೆ ಕೂತೋರು ಏನು ಹೇಳ್ತಿದ್ರು ಗೊತ್ತಾ? ‘ಮೇಸ್ತ್ರಿ, ನೀನು ಒಬ್ಬನೇ ಹೋದೆ, ಒಬ್ಬನೇ ಬಂದೆ’... ಊರಿಗೆ ಊರೇ ಆದೀತು ಅವಳಿಗೆ. ನಾನೊಬ್ಬ ಆಗಲ್ಲ."

ಔಷಧಿ ಅಂಗಡಿಯವನು ಮೆಲ್ಲಗೆ, "ಮಾವ, ಇದನ್ನೆಲ್ಲ ನಮಗೆ ಯಾವತ್ತೂ ಹೇಳಿರಲಿಲ್ವಲ್ಲ?" ಎಂದ.

"ಏನಂತ ಹೇಳ್ಲಿ? ಕೊನೆಗೆ ಅಲ್ಲಿ ಉದ್ದ ಕಂಬ ಹಾಕಿದ್ರು. ಇನ್ನು ಹೋದ್ಲು ಅಂದ್ರು ಜನ. ಎಲ್ಲಿಗೆ ಹೋಗ್ತಾಳೆ? ಮಗನ ಊರಿಗೆ ಹೋದೆ, ಅಲ್ಲಿ ಗಿಡ್ಡ ದೀಪ ಬಂತು. ಮಳೆ ಬಂದ ಮೊದಲನೇ ದಿನ ಎದುರುಮನೆಯವಳು ಕೇಳಿದ್ಲು, ‘ನಿಮ್ಮ ಸೊಸೆ ಜೊತೆ ಬಂದೋರು ಯಾರಜ್ಜ?’ ಅಂತ. ಗಂಟು ಕಟ್ಕೊಂಡು ಇಲ್ಲಿಗೆ ಬಂದೆ... ಇಲ್ಲಿ ನೀನಿದ್ದೀಯ, ನಿನ್ನ ಪುಸ್ತಕ ಇದೆ."

ಕಾರ್ಯದರ್ಶಿ ಎದ್ದು ಗುತ್ತಿಗೆದಾರನಿಗೆ ಫೋನ್ ಮಾಡಿದಳು. ಅವಳ ದನಿ ಮೊದಲು ಗದರಿತು, ಆಮೇಲೆ ಇಳಿಯಿತು. "ಲಾರಿ ಹೊರಟಾಯ್ತು ಮೇಡಂ. ನೀವೇ ಸಹಿ ಹಾಕಿದ್ದಲ್ವಾ? ಮಧ್ಯೆ ಕಂಬ ಬೇಕಂದ್ರೆ ಹೊಸ ರಸ್ತೆ ಪೂರ್ತಿ ಅಗೀಬೇಕು. ಅದು ಆಗೋ ಮಾತಲ್ಲ" ಎಂದು ಅತ್ತಲಿನವನು ಹೇಳಿದ್ದು ಕೋಣೆಗೆಲ್ಲ ಕೇಳಿಸಿತು. ಅವಳು ಫೋನ್ ಇಟ್ಟು ಅಲ್ಲೇ ನಿಂತಳು. ಮೂರು ತಿಂಗಳು ಯಾರ ಮಾತನ್ನೂ ಕೇಳದೆ ಗೆದ್ದವಳಿಗೆ ಈಗ ಸೋಲುವುದಕ್ಕೂ ದಾರಿಯಿರಲಿಲ್ಲ.

ಆಗ ರಸ್ತೆಯ ಆ ತುದಿಯಲ್ಲಿ ಒಂದು ಕೊಡೆ ಕಾಣಿಸಿತು. ಅವಳ ಗಂಡನೇ. ಮೊದಲನೇ ಗುಂಡಿನ ಬೆಳಕಿನಲ್ಲಿ ಅವನ ಕುಂಟು ನಡಿಗೆಯ ಗುರುತು ಹತ್ತಿತು. ಕಿಟಕಿ ತೆರೆದು "ಅಲ್ಲೇ ಇರ್ರೀ!" ಎಂದು ಕೂಗಿದಳು. ಕೂಗು ಮಳೆಯಲ್ಲಿ ಕೊಚ್ಚಿಹೋಯಿತು. ಕೊಡೆ ಬೆಳಕು ದಾಟಿ ಕತ್ತಲೊಳಗೆ ಹೋಯಿತು.

ಅಜ್ಜ ತಿರುಗಿ ನೋಡಲಿಲ್ಲ. ಮೊಣಕಾಲುಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ.

"ನಾನು ನೋಡಲ್ಲ. ನೋಡಿದ್ರೂ ನನಗೆ ಕಾಣಲ್ಲ. ನೀನು ನೋಡಿ ಹೇಳು ತಾಯಿ."

ಅವಳು ನೋಡಿದಳು. ಎಷ್ಟು ಹೊತ್ತಾದರೂ ಆ ನಲವತ್ತು ಹೆಜ್ಜೆ ಮುಗಿಯಲಿಲ್ಲ. ಕೊನೆಗೆ ಎರಡನೇ ಗುಂಡಿನ ಬೆಳಕಿಗೆ ಕೊಡೆ ಬಂತು. ಗಂಡ ಅದನ್ನು ತನ್ನ ತಲೆಯ ಮೇಲೆ ಹಿಡಿದಿರಲಿಲ್ಲ. ಯಾರನ್ನೋ ನೆನೆಯದಂತೆ ಕರೆತರುವವನ ಹಾಗೆ ಅರ್ಧಕ್ಕರ್ಧ ಪಕ್ಕಕ್ಕೆ ವಾಲಿಸಿದ್ದ. ಅವನ ಎಡ ಭುಜ ಪೂರ್ತಿ ತೊಯ್ದಿತ್ತು.

ಅವಳು ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಹೇಳಮ್ಮಾ..." ಅಜ್ಜನ ದನಿ ಈಗ ಬೇಡುವವನ ದನಿಯಾಗಿತ್ತು. "ಕಾಲಿಗೆ ಚಪ್ಪಲಿ ಒಂದೇ ಇದೆಯಾ?"