ಗೋಡೆಯ ಮೇಲಿನ ಬಿಗಿದ ಮುಖಗಳು

ಶಿವಬಸಪ್ಪನವರೇ, ಆ ಫೋನು ಕೆಳಗಿಡಿ. ಪ್ರವಚನ ಕೇಳೋಕೆ ಬಂದು ನನ್ನ ಫೋಟೋ ತೆಗೆದದ್ದು ಸಾಕು. ಫೋಟೋದ್ದೇ ಒಂದು ಕಥೆ ಹೇಳ್ತೀನಿ, ಕೇಳಿ.

ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಹೆಸರು ಕೇಳಬೇಡಿ. ಹೆಸರು ಹೇಳಿದ್ರೆ 'ಓ, ಅವನ ಕಥೆನಾ' ಅಂತ ನೀವು ಪಾರಾಗಿಬಿಡ್ತೀರಿ. ಹತ್ತಿ ವ್ಯಾಪಾರ, ದೊಡ್ಡ ಮನೆ, ಒಬ್ಬನೇ ಮಗ. ಕೆಟ್ಟವನಲ್ಲ. ಆದ್ರೆ ಮುಖ ನೋಡಿದ ಕೂಡ್ಲೇ ಮನುಷ್ಯ ಎಂಥವನು ಅಂತ ಹೇಳಿಬಿಡ್ತೀನಿ ಅನ್ನೋ ಜಂಬ ಇತ್ತು.

ಹೆಂಡತಿ, ಮಗನ್ನ ಕರ್ಕೊಂಡು ಪಕ್ಕದ ಊರಿಗೆ ಹೆಣ್ಣು ನೋಡೋಕೆ ಹೋದ. ಹುಡುಗಿಯ ತಂದೆ ನಗನಗ್ತಾ ಕಾಲಿಗೆ ನೀರು ಕೊಟ್ಟ. ಒಳಗಿನಿಂದ ಅವಲಕ್ಕಿ ಬಂತು. ಹುಡುಗ ಹುಡುಗಿ ಕದ್ದು ನೋಡ್ಕೊಂಡದ್ದೂ ಆಯ್ತು. ಹುಡುಗನಿಗೆ ಒಪ್ಪಿಗೆ ಅಂತ ಅವನ ಕೆಂಪಾದ ಕಿವಿಯೇ ಹೇಳ್ತಿತ್ತು. ಇಷ್ಟೆಲ್ಲ ಎದುರಿಗೆ ನಡೀತಿರುವಾಗ ನಮ್ಮ ಶ್ರೀಮಂತನ ಕಣ್ಣು ಎಲ್ಲಿ? ಗೋಡೆ ಮೇಲೆ.

ಗೋಡೆ ಮೇಲೆ ಆ ಮನೆಯವರ ಹಳೇ ಗುಂಪು ಫೋಟೋ. ಮನೆ ಮುಂದೆ ಬಿಸಿಲಲ್ಲಿ ತೆಗೆಸಿದ್ದು. ಹಿರಿಯರು ಕುರ್ಚಿಯಲ್ಲಿ, ಹೆಂಗಸರು ಹಿಂದೆ, ಮಕ್ಕಳು ಚಾಪೆ ಮೇಲೆ. ಒಬ್ಬರ ಮುಖದಲ್ಲೂ ನಗುವಿಲ್ಲ. ಹುಬ್ಬು ಗಂಟು, ತುಟಿ ಬಿಗಿ. ಶ್ರೀಮಂತ ಅಲ್ಲೇ ತೀರ್ಮಾನ ಮಾಡಿದ: ಇದು ಜಗಳಗಂಟರ ಮನೆ. ಇಲ್ಲಿಂದ ಸೊಸೆ ತಂದ್ರೆ ನನ್ನ ಮನೆ ನೆಮ್ಮದಿ ಮುಗೀತು. ಆಮೇಲೆ ಹೇಳಿ ಕಳಿಸ್ತೀವಿ ಅಂತ ಎದ್ದೇಬಿಟ್ಟ.

ಗಾಡಿಯಲ್ಲಿ ಹೆಂಡತಿ ಕಾರಣ ಕೇಳಿದಳು. ಫೋಟೋ ಅಂದ. ಆ ಜನ ಎದುರಿಗೇ ನಗ್ತಾ ಇದ್ರಲ್ಲ ಅಂದಳು. ಅದು ತೋರಿಕೆ, ಫೋಟೋ ಸುಳ್ಳು ಹೇಳಲ್ಲ ಅಂದ. ಹೆಂಡತಿ ಸೆರಗು ಎಳ್ಕೊಂಡು ಆ ಕಡೆ ತಿರುಗಿ ಕೂತಳು. ಮಗ ಊರು ಬಂದ ಕೂಡ್ಲೇ ಗಾಡಿಯಿಂದ ಹಾರಿ ಕೆರೆ ಕಡೆ ನಡೆದ.

ಅಲ್ಲಿಗೆ ಬಿಟ್ಟನಾ? ಇಲ್ಲ. ನಾಳೆ ಬರೋ ಬೀಗರಿಗೆ ಕಾಣೋ ಹಾಗೆ, ಎಲ್ಲರೂ ನಗ್ತಾ ಇರೋ ಫೋಟೋ ತನ್ನ ಗೋಡೆ ಮೇಲಿರಬೇಕು ಅಂತ ಪಟ್ಟಣದಿಂದ ಫೋಟೋದವನನ್ನ ಕರೆಸಿದ. ಮೂರು ಕಾಲಿನ ಮೇಲೊಂದು ಪೆಟ್ಟಿಗೆ, ಅದಕ್ಕೊಂದು ಕರಿ ಬಟ್ಟೆ. ಮನೆಯೊಳಗೆ ಬೆಳಕು ಸಾಲದು ಅಂತ ಅವನು ಎಲ್ಲರನ್ನೂ ಅಂಗಳದಲ್ಲಿ ಸೂರ್ಯನ ಕಡೆ ಮುಖ ಮಾಡಿಸಿ ಕೂರಿಸಿದ. ನಾನು ಹೇಳೋತನಕ ಒಬ್ಬರೂ ಅಲ್ಲಾಡಬೇಡಿ ಅಂದ. ಶ್ರೀಮಂತ, ಎಲ್ಲರೂ ನಗಿ ಅಂತ ಅಪ್ಪಣೆ ಮಾಡಿದ. ಅಷ್ಟು ಹೊತ್ತು ನಗು ನಿಲ್ಲಲ್ಲ, ಫೋಟೋ ಕೆಡುತ್ತೆ ಅಂತ ಫೋಟೋದವನು ಹೇಳಿ ನೋಡಿದ. ಕೇಳೋರು ಯಾರು?

ನಕ್ಕರು. ಎಲ್ಲಿ, ನೀವೂ ಒಂದು ಸಲ ನಕ್ಕು, ಹಾಗೇ ಹಿಡ್ಕೊಳ್ಳಿ. ಹಿಡ್ಕೊಳ್ಳಿ... ನೋಡಿ, ಆಗಲೇ ಕೆನ್ನೆ ನಡುಗ್ತಿದೆ! ಅವರದ್ದೂ ಅದೇ ಪಾಡು. ಫೋಟೋದವನು ಒಳಗೆ ಕತ್ತಲೆ ಕೋಣೆಯಲ್ಲಿ ಮದ್ದಿನ ನೀರಲ್ಲಿ ತೊಳೆದು ತಂದ ಫೋಟೋದಲ್ಲಿ ಮೈ ಇತ್ತು, ಮುಖ ಇರಲಿಲ್ಲ. ನೀರು ಬಿದ್ದ ರಂಗೋಲಿ ಹಾಗೆ ಕಲಸಿಹೋಗಿತ್ತು. ಮತ್ತೆ ಕೂರಿಸಿದ. ಮತ್ತೆ ಕೆಟ್ಟಿತು. ಬಿಸಿಲೇರಿತು, ಮಕ್ಕಳು ಅಳೋಕೆ ಶುರು ಮಾಡಿದ್ರು. ಶ್ರೀಮಂತ 'ನಗ್ರೋ' ಅಂತ ಗದರಿದ. ಗದರಿದ್ರೆ ಯಾರಾದ್ರೂ ನಗ್ತಾರಾ?

ಕೊನೆಗೆ ಫೋಟೋದವನ ತಾಳ್ಮೆ ಕೆಟ್ಟಿತು. "ಸಾಹುಕಾರ್ರೇ, ಎಲ್ಲ ಊರಲ್ಲೂ ಜನ ಮುಖ ಬಿಗಿದುಕೊಂಡೇ ಕೂರ್ತಾರೆ. ಸಿಟ್ಟಿಗಲ್ಲ. ಬಿಗಿದ್ರೆ ಮಾತ್ರ ಮುಖ ಉಳಿಯುತ್ತೆ. ನಾನು ಬಟ್ಟೆಯಿಂದ ತಲೆ ಹೊರಗೆ ಹಾಕಿದ ಕೂಡ್ಲೇ ಎಲ್ಲರೂ ಗೊಳ್ಳಂತ ನಗ್ತಾರೆ. ಆ ನಗು ಈ ಪೆಟ್ಟಿಗೆಗೆ ಸಿಗಲ್ಲ."

ಶ್ರೀಮಂತ ತೆಪ್ಪಗೆ ಕೂತ. ಮನೆಯವರೂ ಮುಖ ಬಿಗಿದು ಕೂತರು. ಫೋಟೋ ಚೆನ್ನಾಗಿ ಬಂತು. ಎಲ್ಲರಿಗಿಂತ ಗಡುಸು ಮುಖ ಅವನದೇ. ಅದನ್ನ ಕೈಯಲ್ಲಿ ಹಿಡಿದವನಿಗೆ ಆ ಇನ್ನೊಂದು ಗೋಡೆ ನೆನಪಾಗಿ ಊಟ ಸೇರಲಿಲ್ಲ.

ಮಾರನೇ ದಿನವೇ ಗಾಡಿ ಕಟ್ಟಿಸಿ ಹೋದ. ಹುಡುಗಿಗೆ ಬೇರೆ ಕಡೆ ನಿಶ್ಚಯವಾಗಿತ್ತು. ತಂದೆ ಆಗಲೂ ಕಾಲಿಗೆ ನೀರು ಕೊಟ್ಟ, ಕೂರಿಸಿದ. ಶ್ರೀಮಂತ ನಡೆದದ್ದೆಲ್ಲ ಹೇಳಿ ಕೈಮುಗಿದ. ಆ ತಂದೆ ಕೂಗಾಡಲಿಲ್ಲ.

"ಆ ಫೋಟೋ ತೆಗೆಸಿದ ದಿನ ನಮ್ಮವ್ವ ಎಲ್ಲರನ್ನೂ ಎಷ್ಟು ನಗಿಸಿದ್ದಳು ಅಂತ ಕೇಳಿದ್ರೆ ನಾನೇ ಹೇಳ್ತಿದ್ದೆ. ನೀವು ಗೋಡೆ ನೋಡಿ ಎದ್ದು ಹೋದ್ರಿ. ನಾವೆಲ್ಲ ನಿಮ್ಮ ಎದುರಿಗೇ ಕೂತಿದ್ವಲ್ಲ, ಸಾಹುಕಾರ್ರೇ?"

ಈಗ ಮನೆಗೆ ಹೋಗಿ ಮಗನಿಗೆ ಏನಂತ ಹೇಳ್ತಾನೆ?

ಪಾಪ ಶ್ರೀಮಂತ ಅಂತ ತಲೆ ಆಡಿಸ್ತಿದ್ದೀರಿ. ನಿಮ್ಮ ಕಥೆ ಏನು? ಬೆಳಿಗ್ಗೆ ಸೊಸೆಯ ಮುಖ ಬಿಗಿದಿತ್ತು, ಅಹಂಕಾರ ಅಂದ್ರಿ. ರಾತ್ರಿಯೆಲ್ಲ ಮಗು ನಿದ್ದೆ ಮಾಡಿರಲಿಲ್ಲ, ಕೇಳಿದ್ರಾ? ನಮಸ್ಕಾರ ಅಂದ್ರೆ ನಗಲಿಲ್ಲ ಅಂತ ನೆರೆಯವನ ಜೊತೆ ಮಾತು ಬಿಟ್ಟವರು ಇಲ್ಲೇ ಕೂತಿದ್ದೀರಿ. ಪುಣ್ಯಾತ್ಮರೇ, ಅವನಿಗೆ ಹಲ್ಲುನೋವಿತ್ತು! ಎಷ್ಟು ಸಲ ಹೇಳಲಿ? ಒಂದು ಗಳಿಗೆಯ ಮುಖ ನೋಡಿ ಇಡೀ ಮನುಷ್ಯನ ಮೇಲೆ ತೀರ್ಪು ಕೊಡಬೇಡಿ.

ಇವತ್ತು ಮನೆಗೆ ಹೋಗಿ. ಯಾರ ಮುಖ ನೋಡಿ ಮಾತು ಬಿಟ್ಟಿದ್ದೀರೋ ಅವರ ಹತ್ತಿರ ಕೂತು, ಏನಾಯ್ತು ಅಂತ ಕೇಳಿ. ಉತ್ತರ ಬರೋತನಕ ಅಲ್ಲೇ ಕೂತಿರಿ. ಏಳಬೇಡಿ.