ನ್ಯಾಲ್ಕಲ್ ಬಂಡೆಪ್ಪನವರ ನಡುಮನೆಯಲ್ಲಿ ಸಿಡಿದ ಫೋಟೋ ಮದ್ದು

ಸುಗಲಾಬಾಯಿ ಗಂಡ ವೈಜಿನಾಥ, ವಯಸ್ಸು ಸುಮಾರು ಮೂವತ್ತೆರಡು, ಜಾತಿ ಲಿಂಗಾಯತ, ಕಸುಬು ಫೋಟೋ ತೆಗೆಯುವುದು, ವಾಸ ತಾಂಡೂರು, ರೈಲು ಸ್ಟೇಷನ್ನಿನ ಹಿಂದಿನ ಓಣಿ. ಜಹೀರಾಬಾದ್ ಪೊಲೀಸ್ ಠಾಣೆಯ ಅಧಿಕಾರಿಗಳಾದ ಅಮೀನ್ ಸಾಹೇಬರ ಮುಂದೆ ನಾನಾಗಿಯೇ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನೂ ನನ್ನ ಗಂಡನೂ ತಾಂಡೂರಿನಲ್ಲಿ ಫೋಟೋ ಅಂಗಡಿ ಇಟ್ಟುಕೊಂಡಿದ್ದೇವೆ. ಗಂಡಸರ ಫೋಟೋ ಅವರು ತೆಗೆಯುತ್ತಾರೆ. ಹೆಣ್ಣುಮಕ್ಕಳು ಹೊರಗೆ ಬಾರದ ಮನೆಗಳಲ್ಲಿ ಕ್ಯಾಮೆರಾ ನಾನು ನಡೆಸುತ್ತೇನೆ. ಕೆಲಸ ಕಲಿಸಿದವರು ಅವರೇ.

ಜರ್ಮನಿಯ ಲಡಾಯಿ ಶುರುವಾದಾಗಿನಿಂದ ವಿಲಾಯತಿ ಕಂಪನಿಯ ಫೋಟೋ ಸಾಮಾನು ಬರುವುದು ಬಹಳ ಕಡಿಮೆಯಾಗಿದೆ. ಕ್ಯಾಮೆರಾದ ಮಡಿಕೆ ಮಡಿಕೆಯ ತಿದಿ ಹರಿದಾಗ ಸಿಕಂದರಾಬಾದಿನ ಅಂಗಡಿಗೆ ಬರೆದೆವು, ಇಲ್ಲವೆಂದು ಜವಾಬು ಬಂತು. ಕೊನೆಗೆ ಕುದುರೆಯ ಜೀನು ಹೊಲಿಯುವವರಿಂದ ಚರ್ಮದ ತಿದಿ ಮಾಡಿಸಿದೆವು. ಮೂರು ಕಾಲಿನ ಸ್ಟ್ಯಾಂಡು ಮತ್ತು ಫೋಟೋ ಮೂಡುವ ಗಾಜಿನ ಪ್ಲೇಟು ಇಡುವ ಪೆಟ್ಟಿಗೆಗಳನ್ನು ಯಾಲಾಲದ ಬಡಿಗರು ಮಾಡಿಕೊಟ್ಟರು. ಇವು ಯಾವುವೂ ಇದುವರೆಗೆ ಕೆಟ್ಟಿಲ್ಲ. ತಿದಿಯಂತೂ ಕಂಪನಿಯದ್ದಕ್ಕಿಂತ ಗಟ್ಟಿಯಾಗಿದೆ. ಆದರೆ ಬೆಳಕಿಲ್ಲದ ಕೋಣೆಯಲ್ಲಿ ಫೋಟೋ ತೆಗೆಯುವಾಗ ಬೆಳಕಿಗಾಗಿ ಸುಡುವ ಮದ್ದಿನ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವಿತ್ತು. ಅದು ಕಂಪನಿಯದೇ ಆಗಿರಬೇಕೆಂದು ನನ್ನ ಹಟ. ಕಟ್ಟಿಗೆ ಸಾಮಾನು ಕೆಟ್ಟರೆ ಫೋಟೋ ಕೆಡುತ್ತದೆ, ಮದ್ದು ಕೆಟ್ಟರೆ ಮನುಷ್ಯನೇ ಕೆಡುತ್ತಾನೆ ಎಂದು ನಾನು ಹೇಳುತ್ತಿದ್ದೆ. ಅದಕ್ಕೆ ಅವರು, "ಅಸಲಿ ಬೇಕಂದ್ರ ಲಡಾಯಿ ನಿಲ್ಲಸು ಹೋಗು. ಅಲ್ಲೀತನ ಕತ್ತಲದಾಗ ಕೂಡೂಣು" ಎನ್ನುತ್ತಿದ್ದರು.

ಸುಮಾರು ಒಂದು ತಿಂಗಳ ಹಿಂದೆ ಮದುವೆಯ ಕೆಲಸಕ್ಕೆಂದು ನಾರಾಯಣಖೇಡಕ್ಕೆ ಹೋಗಿದ್ದೆವು. ಆ ಮದುವೆಗೆ ಬಾಣ ಬಿರುಸು ಸುಡಲು ಬಂದಿದ್ದವರು ಅದೇ ಊರಿನ ಆತ್ಮಾರಾಮ ಎಂಬುವರು. ಪರವಾನಗಿ ಪಡೆದು ಮದ್ದಿನ ಕೆಲಸ ಮಾಡುವವರು. ಫೋಟೋಕ್ಕೆ ಬೇಕಾದ ಮದ್ದನ್ನೂ ತಾವು ಮಾಡಬಲ್ಲೆವೆಂದು ಹೇಳಿ ಮರುದಿನ ನಮ್ಮನ್ನು ಮನೆಗೆ ಕರೆದರು. ನಾನು ಒಳಗೆ ಅವರ ಹೆಂಡತಿ ಈಶಮ್ಮನ ಹತ್ತಿರ ಕುಳಿತಿದ್ದೆ. ಗಂಡಸರಿಬ್ಬರೂ ಹಿತ್ತಲಲ್ಲಿದ್ದರು. ಈಶಮ್ಮ ನಡುವೆ ಹಿತ್ತಲಿಗೆ ಹೋಗಿ ಅವರಿಗೆ ಚಹಾ ಕೊಟ್ಟು ಬಂದಳು. ಬಾಗಿಲಿನಿಂದ ಒಂದು ಬಿಳಿ ಬೆಳಕು ಕಂಡಿತು, ಸದ್ದು ಏನೂ ಆಗಲಿಲ್ಲ. ನನ್ನ ಗಂಡ ನಗುತ್ತಾ ಒಳಗೆ ಬಂದರು. ಒಂದು ಡಬ್ಬಿ ಮದ್ದು ತೆಗೆದುಕೊಂಡು ಬಂದೆವು. ಹಿತ್ತಲಲ್ಲಿ ಅವರವರು ಏನು ಮಾತಾಡಿಕೊಂಡರೆಂಬುದು ಆಗ ನನಗೆ ಗೊತ್ತಿರಲಿಲ್ಲ. ಈ ಡಬ್ಬಿಯದನ್ನು ಬಯಲಲ್ಲಿ ಸುಡುವುದು, ಮನೆಯೊಳಗೆ ಕಂಪನಿಯದನ್ನೇ ಸುಡುವುದು ಎಂದು ದಾರಿಯಲ್ಲಿ ಅವರಿಂದ ಮಾತು ತೆಗೆದುಕೊಂಡೆ. ಕಂಪನಿಯ ಡಬ್ಬಿಯಲ್ಲಿ ಆಗ ಸ್ವಲ್ಪವೇ ಉಳಿದಿತ್ತು.

ಈ ಫರ್ವರ್ದಿ ತಿಂಗಳ ಒಂಬತ್ತರಂದು ರೈಲಿನಲ್ಲಿ ಜಹೀರಾಬಾದಿಗೆ ಬಂದು, ಅಲ್ಲಿಂದ ಗಾಡಿಯಲ್ಲಿ ನ್ಯಾಲ್ಕಲ್ಲಿಗೆ ಹೋದೆವು. ಅಲ್ಲಿ ಒಕ್ಕಲುತನ ಮಾಡುವ ಬಂಡೆಪ್ಪನವರು ತಮ್ಮ ತಾಯಿ ಶರಣಬಸಮ್ಮನವರ ಫೋಟೋ ತೆಗೆಯಬೇಕೆಂದು ಹೇಳಿಕಳಿಸಿದ್ದರು. ಆ ತಾಯಿಗೆ ಎಂಬತ್ತು ದಾಟಿದೆ. ಬಿದ್ದು ಸೊಂಟ ಮುರಿದು ಹಾಸಿಗೆ ಹಿಡಿದಿದ್ದಾರೆ, ಕಿವಿ ಕೇಳುವುದಿಲ್ಲ. ಮರಿಮಗಳು ಹುಟ್ಟಿದ್ದಾಳೆ, ಆ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದು ಫೋಟೋ ಆಗಬೇಕೆಂದು ಅವರ ಆಸೆ.

ಮರುದಿನ ಹತ್ತನೇ ತಾರೀಖು ಬೆಳಗ್ಗೆ ಸುಮಾರು ಹನ್ನೊಂದು ಗಂಟೆಗೆ ನಡುಮನೆಯಲ್ಲಿ ಕ್ಯಾಮೆರಾ ನಿಲ್ಲಿಸಿದೆ. ಆ ನಡುಮನೆಗೆ ಕಿಟಕಿ ಇಲ್ಲ. ಬಾಗಿಲಿನ ಬೆಳಕು ಹಾಸಿಗೆಯ ತನಕ ಬರುವುದಿಲ್ಲ. ಶರಣಬಸಮ್ಮನವರನ್ನು ಹಾಸಿಗೆ ಸಮೇತ ಪಡಸಾಲೆಗೆ ತರೋಣವೆಂದು ಕೇಳಿದೆ. ಎತ್ತಿದರೆ ನೋವಿನಿಂದ ಚೀರುತ್ತಾರೆ, ಬೇಡವೆಂದು ಬಂಡೆಪ್ಪನವರ ಹೆಂಡತಿ ಸುಂದರಬಾಯಿ ಹೇಳಿದರು. ಸರಿ, ಮದ್ದೇ ಸುಡಬೇಕಾಯಿತು. ನನ್ನ ಗಂಡ ಪಡಸಾಲೆಯಲ್ಲಿ ಕುಳಿತು ಮದ್ದಿನ ದೀಪ ತಯಾರು ಮಾಡಿಕೊಂಡು ಬಂದರು. ಈ ದೀಪವೆಂದರೆ ಹಿಡಿಕೆಯ ಮೇಲೆ ಒಂದು ತಗಡಿನ ತಟ್ಟೆ, ಬೆರಳಿನಿಂದ ಒತ್ತಿದರೆ ಕಲ್ಲಿನ ಕಿಡಿ ಬೀಳುತ್ತದೆ. ಅದು ಕಂಪನಿಯದು. ನಾನು ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಿದ್ದರಿಂದ ತಟ್ಟೆಯಲ್ಲಿ ಏನಿದೆ ಎಂದು ನೋಡಲಿಲ್ಲ.

ಕೂಸನ್ನು ಶರಣಬಸಮ್ಮನವರ ತೊಡೆಯ ಮೇಲೆ ಮಲಗಿಸಿದರು. ನಾನು ಪ್ಲೇಟು ಹಾಕಿ, ಕ್ಯಾಮೆರಾದ ಮುಚ್ಚಳ ತೆಗೆದು "ಹೂಂ" ಎಂದೆ.

ಬೆಳಕು, ಸದ್ದು ಎರಡೂ ಒಮ್ಮೆಗೇ ಆದವು. ಜಂತಿಯಿಂದ ಮಣ್ಣು ಸುರಿಯಿತು. ಹೊಗೆಯಲ್ಲಿ ಏನೂ ಕಾಣಲಿಲ್ಲ, ತಡವಿ ಕ್ಯಾಮೆರಾದ ಮುಚ್ಚಳ ಹಾಕಿದೆ. ಮೊದಲು ಕೇಳಿದ್ದು ಕೂಸಿನ ಅಳು. ಅಳುತ್ತಿದೆ, ಅಂದರೆ ಬದುಕಿದೆ ಎಂದು ಅಂದುಕೊಂಡೆ. ಆಮೇಲೆ ಶರಣಬಸಮ್ಮನವರು, "ಆತೇನವ್ವ? ಬಂತೇನು ಫೋಟೋ?" ಎಂದು ಕೇಳಿದರು. ಅವರಿಗೆ ಸದ್ದು ಕೇಳಿಸಿರಲೇ ಇಲ್ಲ. ಅಜ್ಜಿಗೂ ಕೂಸಿಗೂ ಒಂದು ಗೀರು ಸಹ ಆಗಿರಲಿಲ್ಲ.

ನನ್ನ ಗಂಡ ಗೋಡೆಗೆ ಒರಗಿ ಕೆಳಗೆ ಕುಳಿತಿದ್ದರು. ಹುಬ್ಬು, ರೆಪ್ಪೆಯ ಕೂದಲು ಸುಟ್ಟಿದ್ದವು, ಮುಖ ಕರ‍್ರಗಾಗಿತ್ತು. ಆ ಹೊತ್ತಿಗೆ ಹೊಗೆ ಹೊರಗೆ ಹೋಗಿ ಬಾಗಿಲಿನ ಬೆಳಕು ಅವರ ಮೇಲೆ ಬಿದ್ದಿತ್ತು. ಅವರು, "ಸುಗಲಾ, ಬಾಗಲಾ ಯಾಕ ಹಾಕೀದಿ? ತಗಿ" ಎಂದರು. ಬಾಗಿಲು ತೆರೆದೇ ಇತ್ತು. ನಾನು ತೆರೆಯುತ್ತೇನೆ ಎಂದೆ.

ನನ್ನ ಸೀರೆಯನ್ನು ಹರಿದು ನೀರಿನಲ್ಲಿ ಅದ್ದಿ ಕಣ್ಣಿಗೆ ಕಟ್ಟಿದೆ. ಸುಂದರಬಾಯಿ ತಮ್ಮ ಹಸಿರು ಸೀರೆ ನನಗೆ ಉಡಿಸಿದರು. ಬಂಡೆಪ್ಪನವರು ಆಳನ್ನು ಕರೆಯದೆ ತಾವೇ ಗಾಡಿ ಹೂಡಿ, ನಮ್ಮ ಕ್ಯಾಮೆರಾ, ಪೆಟ್ಟಿಗೆಗಳನ್ನೂ ಹೇರಿಕೊಂಡು ಹೊಡೆದುಕೊಂಡು ಬಂದರು. ಜಹೀರಾಬಾದು ಅಲ್ಲಿಂದ ಸುಮಾರು ಹದಿನಾಲ್ಕು ಮೈಲಿ. ಬಟ್ಟೆ ಒಣಗಿದ ಹಾಗೆಲ್ಲ ಗಾಡಿ ನಿಲ್ಲಿಸಿ ಅದ್ದಿಕೊಂಡು, ಹೊತ್ತು ಇಳಿಯುವ ಸಮಯಕ್ಕೆ ದವಾಖಾನೆ ಮುಟ್ಟಿದೆವು. ಡಾಕ್ಟರ್ ಸಾಹೇಬರು ಕಣ್ಣು ತೊಳೆದು, ಔಷಧಿ ಹಾಕಿ, ಪಟ್ಟಿ ಕಟ್ಟಿದರು. ಮುಖದ ಗಾಯ ಮಾಯುತ್ತದೆ ಎಂದರು. ಕಣ್ಣು ಏನಾಗುತ್ತದೆ ಎಂದು ಕೇಳಿದೆ. ಪಟ್ಟಿ ಬಿಚ್ಚಿದ ದಿನ ಹೇಳುತ್ತೇನೆ ಎಂದು ಹೇಳಿ ಕೈ ತೊಳೆಯಲು ಹೋದರು.

ನ್ಯಾಲ್ಕಲ್ಲಿನಲ್ಲಿ ಬಾಂಬು ಸಿಡಿದಿದೆ ಎಂದು ಅಷ್ಟರಲ್ಲಿ ಠಾಣೆಗೆ ಸುದ್ದಿ ಮುಟ್ಟಿತ್ತು. ಹನ್ನೊಂದರಂದು ಬೆಳಗ್ಗೆ ಜವಾನರಿಬ್ಬರು ದವಾಖಾನೆಗೆ ಬಂದು ಮದ್ದು ಯಾರದೆಂದು ಕೇಳಿದರು. ಬಂಡೆಪ್ಪನವರ ಪಡಸಾಲೆಯಲ್ಲಿ ಬಾಯಿ ತೆರೆದು ಬಿದ್ದಿದ್ದ ಆತ್ಮಾರಾಮರ ಡಬ್ಬಿಯನ್ನು ನಾನು ಬರುವಾಗ ನೋಡಿದ್ದೆ. ನಾರಾಯಣಖೇಡದ ಆತ್ಮಾರಾಮನ ಮದ್ದು, ಅವನೇ ನಮ್ಮ ಮನೆ ಹಾಳು ಮಾಡಿದ ಎಂದು ಹೇಳಿದೆ. ಆಗ ನಾನು ತಿಳಿದಿದ್ದು ಹಾಗೆಯೇ. ಜವಾನರು ಕ್ಯಾಮೆರಾವನ್ನು ವಶಕ್ಕೆ ತೆಗೆದುಕೊಂಡರು. ಒಬ್ಬ ಜವಾನ ಪ್ಲೇಟಿನ ಪೆಟ್ಟಿಗೆಯನ್ನು ತೆರೆಯಲು ಹೋದಾಗ ನಾನು ಅವನ ಕೈ ಹಿಡಿದೆ. ಅದರೊಳಗೆ ಬೆಳಕು ಹೋದರೆ ಅಜ್ಜಿ, ಕೂಸು ಇಬ್ಬರೂ ಅಳಿಸಿಹೋಗುತ್ತಾರೆ ಎಂದು ಹೇಳಿದೆ. ಅವನಿಗೆ ಅರ್ಥವಾಗದಿದ್ದರೂ ತೆರೆಯಲಿಲ್ಲ. ಅದೇ ದಿನ ಆತ್ಮಾರಾಮರನ್ನು ಹಿಡಿದು ತಂದರೆಂದು ಆಮೇಲೆ ತಿಳಿಯಿತು.

ಹನ್ನೆರಡರಂದು ಬೆಳಗ್ಗೆ ಈಶಮ್ಮ ದವಾಖಾನೆಯ ಕಟ್ಟೆಯ ಮೇಲೆ ಬಂದು ಕುಳಿತಳು. ನಾರಾಯಣಖೇಡದಿಂದ ಮೋಟಾರಿನಲ್ಲಿ ಬಂದಿದ್ದಳು. ಬೈಯುತ್ತಾಳೆಂದು ನಾನು ಒಳಗೇ ನಿಂತೆ. ಅವಳು ರೊಟ್ಟಿಯ ಗಂಟು ಮುಂದೆ ಇಟ್ಟು, "ಉಂಡೀರಿಲ್ರಿ ಅಕ್ಕಾ?" ಎಂದಳು. ನಾನು ಉಂಡಿರಲಿಲ್ಲ. ಒಂದು ರೊಟ್ಟಿ ತಿನ್ನಿಸಿದಳು. ಆಮೇಲೆ ಹೇಳಿದಳು:

"ನಿಮ್ಮ ಯಜಮಾನ್ರಿಗೆ ಮೊದಲ ಕಣ್ಣು ಬರಲಿರಿ. ಆದ್ರ ಒಂದು ಮಾತು ಕೇಳ್ರಿ. ನಮ್ಮವರು ಅವತ್ತು ಹಿತ್ತಲದಾಗ ಮೂರು ಸಲ ಹೇಳ್ಯಾರ್ರಿ, ನಾ ನನ್ನ ಕಿವೀಲೆ ಕೇಳೀನಿ. ಈ ಮದ್ದು ನಿಮ್ಮ ಕಂಪನಿ ದೀಪದಾಗ ಹಾಕಬ್ಯಾಡ್ರಿ, ಬ್ಯಾರೆ ಮದ್ದಿನ ಸಂಗಟ ಕೂಡಸಬ್ಯಾಡ್ರಿ, ಬಯಲಾಗ ತಗಡಿನ ಮ್ಯಾಲ ಇಟ್ಟು ಉದ್ದ ಬತ್ತಿ ಹಚ್ಚರಿ ಅಂತ. ಹಂಗ ಮಾಡಿ ಸಿಡದಿದ್ರ ನಮ್ಮವರು ಜೇಲಿನಾಗೇ ಇರಲಿ."

ನಾನು ಒಳಗೆ ಹೋಗಿ, ದೀಪದಲ್ಲಿ ಹಾಕಿದ್ದು ಯಾವ ಮದ್ದು ಎಂದು ಗಂಡನನ್ನು ಕೇಳಿದೆ. ಅವರು, "ಎರಡೂ" ಎಂದರು. ಕಂಪನಿಯದು ತಟ್ಟೆಗೆ ಸಾಲಲಿಲ್ಲ, ಅಷ್ಟು ದೂರ ಬಂದು ಆ ಮುದುಕಿಗೆ ಆಗುವುದಿಲ್ಲ ಎಂದು ಹೇಳಲು ಮನಸ್ಸಾಗಲಿಲ್ಲ, ಅದಕ್ಕೆ ಆತ್ಮಾರಾಮರದನ್ನು ಮೇಲೆ ಸುರಿದು ಬೆರಳಿನಿಂದ ಕಲಸಿದೆ ಎಂದು ಹೇಳಿದರು. ಆತ್ಮಾರಾಮರು ಬೇಡವೆಂದು ಹೇಳಿದ್ದು ನೆನಪಿತ್ತೇ ಎಂದು ಕೇಳಿದೆ. ನೆನಪಿತ್ತು, ಸ್ವಲ್ಪಕ್ಕೆ ಏನಾಗುತ್ತದೆ ಎಂದುಕೊಂಡೆ ಎಂದರು. ಆತ್ಮಾರಾಮರನ್ನು ಹಿಡಿದು ತಂದಿದ್ದಾರೆಂದು ನಾನು ತಿಳಿಸಿದಾಗ ಎದ್ದು ಕುಳಿತು ಗೋಡೆ ತಡವಿದರು. "ನಡಿ, ಠಾಣೇಕ ನಡಿ. ನನ್ನ ಕಣ್ಣು ಬರಲಿ ಬಿಡಲಿ, ಆ ಮನಷ್ಯಾನ್ನ ಬಿಡಸು" ಎಂದರು. ಅವರನ್ನು ಮಲಗಿಸಿ ನಾನೊಬ್ಬಳೇ ಠಾಣೆಗೆ ಬಂದೆ. ಅಮೀನ್ ಸಾಹೇಬರು ಹಳ್ಳಿಗಳ ದೌರಾಕ್ಕೆ ಹೋಗಿದ್ದಾರೆ, ಬಂದ ಮೇಲೆ ಹೇಳಿ ಎಂದು ಠಾಣೆಯ ಬರವಣಿಗೆ ನೋಡುವ ಮುಹರಿರರು ತಿಳಿಸಿದರು. ತಪ್ಪು ನಮ್ಮದೆಂದು ಒಳಗಿರುವ ಆತ್ಮಾರಾಮರಿಗೆ ಒಂದು ಮಾತು ಮುಟ್ಟಿಸಿ ಎಂದು ಕೇಳಿದ್ದಕ್ಕೆ ಒಪ್ಪಿದರು. ಆ ಎರಡು ದಿನ ಈಶಮ್ಮ, ನಾನು ದವಾಖಾನೆಯ ಅದೇ ಕಟ್ಟೆಯ ಮೇಲೆ ಇದ್ದೆವು. ಅವಳ ಗಂಡ ಠಾಣೆಯಲ್ಲಿ, ನನ್ನ ಗಂಡ ಪಟ್ಟಿಯೊಳಗೆ.

ಈ ದಿನ ಬೆಳಗ್ಗೆ ಡಾಕ್ಟರ್ ಸಾಹೇಬರು ಕೋಣೆಯ ಪರದೆ ಎಳೆದು ಪಟ್ಟಿ ಬಿಚ್ಚಿದರು. ನಾನು ಕಾಲ ಬದಿಯಲ್ಲಿ ನಿಂತಿದ್ದೆ. ಈಶಮ್ಮ ಬಾಗಿಲಿನಲ್ಲಿದ್ದಳು. ನನ್ನ ಗಂಡ ಬಹಳ ಹೊತ್ತು ಕಣ್ಣು ಪಿಳುಕಿಸಿದರು, ನೀರು ಸುರಿಯಿತು. ಏನು ಕಾಣುತ್ತದೆ ಎಂದು ಡಾಕ್ಟರ್ ಸಾಹೇಬರು ಕೇಳಿದರು. ಅವರು ನನ್ನ ಕಡೆ ನೋಡಿ, "ಈ ಹಸರು ಸೀರಿ ಯಾರದು? ನಿನ್ನದಲ್ಲ" ಎಂದರು.

ಸುಂದರಬಾಯಿಯವರದು ಎಂದೆ. ಡಾಕ್ಟರ್ ಸಾಹೇಬರು ನಕ್ಕರು. ಬಲಗಣ್ಣು ಚೆನ್ನಾಗಿದೆ, ಎಡಗಣ್ಣಿಗೆ ಇನ್ನೂ ಮಂಜು ಇದೆ, ಅದೂ ತಿಳಿಯಾಗುತ್ತದೆ ಎಂದು ಹೇಳಿದರು. ಈಶಮ್ಮ ಬಾಗಿಲಿಗೆ ಹಣೆ ಹಚ್ಚಿ ಅಳುತ್ತಿದ್ದಳು. ನನಗಿಂತ ಹೆಚ್ಚು ಅತ್ತಳು.

ಅಮೀನ್ ಸಾಹೇಬರು ದೌರಾದಿಂದ ಬಂದಿರುವುದು ತಿಳಿದು, ನೆಟ್ಟಗೆ ಅಲ್ಲಿಂದ ಇಲ್ಲಿಗೆ ಬಂದಿದ್ದೇನೆ. ಆತ್ಮಾರಾಮರ ಕಡೆಯವರು ಹೆದರಿಸಿ ಅಥವಾ ಆಸೆ ತೋರಿಸಿ ಹೀಗೆ ಹೇಳಿಸುತ್ತಿದ್ದಾರೆಯೇ ಎಂದು ಸಾಹೇಬರು ಕೇಳಿದರು. ಇಲ್ಲ. ಅವರ ಕಡೆಯಿಂದ ನಾನು ತಿಂದದ್ದು ರೊಟ್ಟಿ ಮಾತ್ರ. ಬೇಕಾದರೆ ನನ್ನ ಗಂಡನ ಹೇಳಿಕೆಯನ್ನು ದವಾಖಾನೆಯಲ್ಲಿಯೇ ತೆಗೆದುಕೊಳ್ಳಬಹುದು, ಅವರು ಕಾಯುತ್ತಿದ್ದಾರೆ. ಬಂಡೆಪ್ಪನವರೂ ತಮಗೆ ಯಾರ ಮೇಲೂ ಫಿರ್ಯಾದಿ ಇಲ್ಲವೆಂದು ಹೇಳಿಕಳಿಸಿದ್ದಾರೆ.

ಹಾಗಾದರೆ ಕಂಪನಿಯದು ಒಳ್ಳೆಯದೋ ಆತ್ಮಾರಾಮನದು ಒಳ್ಳೆಯದೋ ಎಂದು ಸಾಹೇಬರು ಕೇಳಿದರು. ತಮ್ಮ ಮನೆಯಲ್ಲಿಯೂ ಒಂದು ಕ್ಯಾಮೆರಾ ಇದೆ ಎಂದರು. ನಾನು, "ಯಾವುದಾದ್ರೂ ಒಂದು ಸುಡ್ರಿ ಸಾಹೇಬ್ರ. ಕಂಪನಿದು ಕಂಪನಿ ದೀಪದಾಗ, ಅವರದು ಅವರು ಹೇಳಿದಂಗ. ಇದರಾಗ ಅದು, ಅದರಾಗ ಇದು ಮಾಡಬ್ಯಾಡ್ರಿ" ಎಂದೆ. ಮದ್ದು ಮಾತ್ರ ಕಂಪನಿಯದೇ ಬೇಕೆಂಬ ನನ್ನ ಹಟ ಈಗಲೂ ಪೂರ್ತಿ ಹೋಗಿಲ್ಲ. ಆದರೆ ಆತ್ಮಾರಾಮರ ಮದ್ದಿನಲ್ಲಿ ದೋಷವಿತ್ತೆಂದು ನಾನು ಹೇಳಲಾರೆ. ಹನ್ನೊಂದರಂದು ಜವಾನರಿಗೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅವರನ್ನು ಬಿಡಬೇಕೆಂದೂ, ಕ್ಯಾಮೆರಾವನ್ನು ಪ್ಲೇಟಿನ ಪೆಟ್ಟಿಗೆ ತೆರೆಯದೆ ಹಾಗೆಯೇ ಕೊಡಬೇಕೆಂದೂ ಬೇಡಿಕೊಳ್ಳುತ್ತೇನೆ.

ಇಷ್ಟು ಬರೆಸುವ ಹೊತ್ತಿಗೆ ಸಾಹೇಬರ ಹುಕುಮಿನಂತೆ ಆತ್ಮಾರಾಮರನ್ನು ಹೊರಗೆ ಕರೆತಂದರು. ನಾಲ್ಕು ದಿನದ ಗಡ್ಡ ಬೆಳೆದಿತ್ತು, ರುಮಾಲು ಇರಲಿಲ್ಲ. ಬಿಟ್ಟಿದ್ದಾರೆಂದು ಜವಾನ ಹೇಳಿದ ಮಾತು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ನನ್ನನ್ನು ಕಂಡ ಕೂಡಲೇ, "ಬಾಯಿಯವರ, ಕಣ್ಣು ಬಂದುವೇನ್ರಿ?" ಎಂದು ಕೇಳಿದರು. ಬಂದವು ಎಂದೆ. ಅವರು ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಈಶಮ್ಮ ಬಂದು ಎಬ್ಬಿಸಿದರೂ ಸ್ವಲ್ಪ ಹೊತ್ತು ಏಳಲಿಲ್ಲ.

ನಾನು ಕನ್ನಡದಲ್ಲಿ ಹೇಳಿದ್ದನ್ನು ಮುಹರಿರರು ಬರೆದು ತಿರುಗಿ ನನಗೆ ಓದಿ ಕೇಳಿಸಿದ್ದಾರೆ. ಇದರಲ್ಲಿ ಕಣ್ಣಾರೆ ಕಂಡದ್ದು ಕಂಡಂತೆ, ಗಂಡನ ಬಾಯಿಂದ ಮತ್ತು ಈಶಮ್ಮನ ಬಾಯಿಂದ ಕೇಳಿದ್ದು ಕೇಳಿದಂತೆ ಇದೆ. ಸುಳ್ಳು ಸೇರಿಸಿಲ್ಲ, ನಿಜ ಬಿಟ್ಟಿಲ್ಲ ಎಂದು ಒಪ್ಪಿ ಹೆಬ್ಬೆಟ್ಟು ಒತ್ತದೆ ನನ್ನ ಕೈಯಿಂದಲೇ ಸಹಿ ಮಾಡಿದ್ದೇನೆ.

ಸ್ಥಳ: ಜಹೀರಾಬಾದ್ ಠಾಣೆ
ತಾರೀಖು: 14 ಫರ್ವರ್ದಿ, 1353 ಫಸಲಿ
ಸಹಿ: ಸುಗಲಾಬಾಯಿ